ಕಾದಂಬರಿಕಾರರ ಕಮ್ಮಟ

ಕಥೆಗಾರನನ್ನು ಕಂಡೊಡನೆ ಓದುಗನ ನಾಲಗೆಯ ತುದಿಗೆ ಬರುವ ಪ್ರಶ್ನೆ, ‘ಇದು ನಿಮಗೆ ಹೇಗೆ ಹೊಳೆಯಿತು?’ ಎಂಬುದು. ಕೇಳುವುದು ಸುಲಭ; ಉತ್ತರವಾದರೋ ಬಹುಮಟ್ಟಿಗೆ ವಿನಯದ ಮರೆಯಲ್ಲಿಯೋ ಸ್ಫೂರ್ತಿಯೆಂಬ ಹಿರಿಯ ಮಾತಿನ ಮರೆಯಲ್ಲಿಯೋ ಅಡಗಿಬಿಡುತ್ತದೆ. ಆ ಮರೆಯನ್ನು ಸರಿಸಿ, ಕೃತಿಯೊಂದು ಮನಸ್ಸಿನಿಂದ ಕಾಗದಕ್ಕೆ ಇಳಿದ ಬಗೆಯನ್ನು ಬರೆದವನ ಬಾಯಿಂದಲೇ ಸಾವಧಾನವಾಗಿ ಕೇಳಿ ತಿಳಿಯುವ ಕಾರ್ಯವನ್ನು ವ್ರತದಂತೆ ನಡೆಸಿಕೊಂಡು ಬಂದ ಪತ್ರಿಕೆ ‘ಪ್ಯಾರಿಸ್ ರಿವ್ಯೂ’.

1953ರ ವಸಂತದಲ್ಲಿ ಪೀಟರ್ ಮ್ಯಾಥಿಸನ್, ಹೆರಾಲ್ಡ್ ಹ್ಯೂಮ್ಸ್, ಜಾರ್ಜ್ ಪ್ಲಿಂಪ್ಟನ್ ಮೊದಲಾದ ಅಮೆರಿಕದ ತರುಣರು ಪ್ಯಾರಿಸ್ ನಗರದಲ್ಲಿ ಈ ತ್ರೈಮಾಸಿಕವನ್ನು ಆರಂಭಿಸಿದರು. ವಿಮರ್ಶೆಯ ಪ್ರಬಂಧಗಳಿಗಿಂತ ಕಥೆ ಕವನಗಳಿಗೇ ಅಗ್ರಸ್ಥಾನವಿರಬೇಕೆಂಬುದು ಅವರ ಸಂಕಲ್ಪ. ಪ್ರಖ್ಯಾತರಿಂದ ಕಥೆ ಬರೆಯಿಸಿ ತಕ್ಕ ಸಂಭಾವನೆ ಸಲ್ಲಿಸುವ ಚೈತನ್ಯ ಪತ್ರಿಕೆಗಿರಲಿಲ್ಲವಾಗಿ, ಅವರೊಡನೆ ನಡೆಸಿದ ಮಾತುಕತೆಯನ್ನು ಅಚ್ಚು ಹಾಕುವ ಉಪಾಯವನ್ನು ಕಂಡುಕೊಂಡರು. ಅಭಾವದಿಂದ ಹುಟ್ಟಿದ ಈ ಉಪಾಯವೇ ಪತ್ರಿಕೆಯ ಕೀರ್ತಿಗೆ ಕಾರಣವಾಯಿತು. ‘ಕಥನಕಲೆ’ ಎಂಬ ಅರ್ಥದ ಶೀರ್ಷಿಕೆಯಲ್ಲಿ ಮೊದಲಾದ ಮಾಲೆಗೆ 1959ರಲ್ಲಿ ಟಿ. ಎಸ್. ಎಲಿಯಟ್ಟರ ಸಂದರ್ಶನದೊಡನೆ ಕಾವ್ಯಕಲೆಯೂ ಸೇರಿಕೊಂಡಿತು.

ಮೊದಲ ಸಂಚಿಕೆಯಲ್ಲಿ ಮಾತನಾಡಿದವರು ಇ. ಎಂ. ಫಾರ್ಸ್ಟರ್. ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿ ಹೊರಬಂದು ಆಗಲೇ ಮೂರು ದಶಕಗಳು ಸಮೀಪಿಸಿದ್ದವು. ಅನಂತರ ಅವರು ಬೇರೊಂದು ಕಾದಂಬರಿಯನ್ನು ಪ್ರಕಟಿಸಿರಲಿಲ್ಲ. ಆ ಕಾದಂಬರಿಯಲ್ಲಿ ಬರುವ ಗುಹೆಗಳಲ್ಲಿ ಮಹತ್ತ್ವದ ಘಟನೆಯೊಂದು ಸಂಭವಿಸಬೇಕೆಂದು ಬರೆಯತೊಡಗಿದಾಗಲೇ ತಮಗೆ ತಿಳಿದಿದ್ದಿತೆಂದೂ, ಆ ಘಟನೆ ಯಾವುದೆಂಬುದು ಮಾತ್ರ ತಿಳಿದಿರಲಿಲ್ಲವೆಂದೂ ಅವರು ಹೇಳಿದರು. ಅರ್ಧಕ್ಕೆ ನಿಂತ ತಮ್ಮ ಇನ್ನೊಂದು ಕಾದಂಬರಿಗೆ ಅಂತಹ ನಡುಗಂಬವೇ ದೊರೆಯಲಿಲ್ಲವೆಂಬುದು ಅವರ ಸಮಾಧಾನ.

ವಿಲಿಯಂ ಫಾಕ್ನರರ ಅನುಭವ ಬೇರೆ. ಅಜ್ಜಿಯ ಶವಸಂಸ್ಕಾರ ನಡೆಯುತ್ತಿರುವ ಮನೆ; ಕಿಟಕಿಯ ಹೊರಗಿನ ಮರವನ್ನೇರಿ ಒಳಗೆ ಇಣುಕುತ್ತಿರುವ ಪುಟ್ಟ ಹುಡುಗಿ; ಕೆಳಗೆ ನಿಂತ ಸೋದರರ ಕಣ್ಣಿಗೆ ಕಾಣುವ ಅವಳ ಕೆಸರು ಮೆತ್ತಿದ ಚಡ್ಡಿ: ಇಷ್ಟೇ ಅವರ ಚಿತ್ತದಲ್ಲಿ ಮೂಡಿದ ಚಿತ್ರ. ಸಣ್ಣಕಥೆಗೆ ಸಾಕೆಂದುಕೊಂಡದ್ದು ಆ ಗಾತ್ರಕ್ಕೆ ಒಗ್ಗದೆ ಹೋಯಿತು. ಬುದ್ಧಿ ಬಲಿಯದ ಸೋದರನೊಬ್ಬನ ದೃಷ್ಟಿಯಿಂದ ಹೇಳಿ ತೃಪ್ತಿ ಕಾಣದೆ, ಎರಡನೆಯವನಿಂದ, ಮೂರನೆಯವನಿಂದ ಹೇಳಿಸಿ, ಕಡೆಗೆ ತಾವೇ ಹೇಳಿ, 1929ರಲ್ಲಿ ‘ದಿ ಸೌಂಡ್ ಅಂಡ್ ದಿ ಫ್ಯೂರಿ’ಯನ್ನು ಪ್ರಕಟಿಸಿದ ಮೇಲೂ ಅದು ಕೈಗೂಡಲಿಲ್ಲವೆಂದೇ ಅವರು ಭಾವಿಸಿದ್ದರು. ಚಿತ್ರವು ತಾನಾಗಿ ಬಂದಿತು. ಅದಕ್ಕೆ ತಕ್ಕ ದನಿಯನ್ನು ಮಾತ್ರ ಹುಡುಕಿ ಹುಡುಕಿ ದಣಿಯಬೇಕಾಯಿತು.

ಹೆಮಿಂಗ್ವೇ 1958ರಲ್ಲಿ ಪ್ಲಿಂಪ್ಟನರಿಗೆ ಉತ್ತರಿಸಿದ್ದು ಒಲ್ಲದ ಮನಸ್ಸಿನಿಂದಲೇ. ಬರವಣಿಗೆಯ ಒಳಗುಟ್ಟನ್ನು ಆಡಿ ತೋರಿಸಿದರೆ ಅದು ಮುರಿದೀತೆಂಬುದು ಅವರ ಅಂಜಿಕೆ. ಆದರೂ ನಿಂತೇ ಬರೆಯುವ ರೂಢಿಯ ಅವರು, ಮುಂದೇನಾಗುವುದೆಂಬುದು ತಿಳಿದಿರುವಾಗಲೇ ಆ ದಿನದ ಕೆಲಸವನ್ನು ನಿಲ್ಲಿಸುವ ತಮ್ಮ ನಿಯಮವನ್ನು ತಿಳಿಸಿದರು. ‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯ ಕೊನೆಯ ಪುಟವನ್ನು 39 ಬಾರಿ ತಿದ್ದಿ ಬರೆದೆನೆಂದು ಹೇಳಿ, ತೊಡಕೇನಿತ್ತೆಂದು ಕೇಳಿದಾಗ, ಪದಗಳನ್ನು ಸರಿಪಡಿಸುವುದಿತ್ತೆಂದಷ್ಟೇ ನುಡಿದರು.

ಈ ಸಂವಾದಗಳೂ ಆಡಿದ ಮಾತಿನ ಯಥಾಪ್ರತಿಗಳಲ್ಲ. ಧ್ವನಿಮುದ್ರಣ ಯಂತ್ರವಿಲ್ಲದ ಆರಂಭದ ದಿನಗಳಲ್ಲಿ ಸಂದರ್ಶಕರು ಸಾಮಾನ್ಯವಾಗಿ ಇಬ್ಬರು ಹೋಗಿ, ಬರೆದುಕೊಂಡದ್ದನ್ನು ತಾಳೆ ನೋಡಿ ಪ್ರತಿಯನ್ನು ಸಿದ್ಧಪಡಿಸುತ್ತಿದ್ದರು. ಲೇಖಕನು ಅದನ್ನು ತಿದ್ದಿ ಒಪ್ಪಿದ ಬಳಿಕವೇ ಅಚ್ಚಿಗೆ. ಸಹಜವಾದ ಹರಟೆಯಂತೆ ತೋರುವ ಪುಟದ ಹಿಂದೆಯೂ ಹೀಗೆ ತಿದ್ದುವ ಕೈಯೇ ಇದೆ. ಸಂದರ್ಶನದ ಜೊತೆಯಲ್ಲಿ ಲೇಖಕನ ಹಸ್ತಪ್ರತಿಯ ಪುಟವೊಂದನ್ನು, ಹೊಡೆದುಹಾಕಿದ ಸಾಲುಗಳ ಸಹಿತ, ಮುದ್ರಿಸುವ ಪದ್ಧತಿ ಈ ದೃಷ್ಟಿಯಿಂದ ಅತ್ಯಂತ ಉಚಿತವಾದದ್ದು.

ಕಥೆ ಬರೆಯುವ ಸೂತ್ರಗಳನ್ನು ಅರಸಿ ಈ ಸಂವಾದಗಳಿಗೆ ಬರುವವನು ಬರಿಗೈಯಲ್ಲಿ ಮರಳುವನು. ಒಬ್ಬರ ನಿಯಮವನ್ನು ಇನ್ನೊಬ್ಬರ ಅನುಭವ ಅಳಿಸಿಹಾಕುತ್ತದೆ. ಹೊಳಹು ಬಂದ ಬಗೆಯಲ್ಲಿ ಇವರು ಪರಸ್ಪರ ಹೋಲುವುದಿಲ್ಲ, ಹೋಲುವುದು ಹೊಳೆದುದನ್ನು ಕೈಬಿಡದೆ ದುಡಿಸಿದ ಹಟದಲ್ಲಿ. ಮಾಲ್ಕಮ್ ಕೌಲಿಯವರ ಮುನ್ನುಡಿಯೊಡನೆ 1958ರಲ್ಲಿ ಪುಸ್ತಕರೂಪದಲ್ಲಿ ಬಂದ ‘ರೈಟರ್ಸ್ ಅಟ್ ವರ್ಕ್’ ಎಂಬ ಈ ಸಂವಾದಗಳ ಪ್ರಥಮ ಸಂಪುಟದಲ್ಲಿ ಫಾರ್ಸ್ಟರ್, ಫಾಕ್ನರ್ ಇಬ್ಬರೂ ಇದ್ದಾರೆ. ಆಸಕ್ತರು ಮೊದಲು ಕಾದಂಬರಿಯನ್ನು ಓದಿ, ಬಳಿಕ ಸಂವಾದವನ್ನು ಓದಿ, ಮತ್ತೊಮ್ಮೆ ಕಾದಂಬರಿಗೆ ಹಿಂದಿರುಗುವುದು ಮೇಲು.