ಬೆಟ್ಟದಿಂದ ಬೆಟ್ಟಕ್ಕೆ ಮಾತು ದಾಟಿಸುವ ರಿಪೀಟರ್ ಜಾಲ

ಹ್ಯಾಮ್ ರೇಡಿಯೊ ಎಂದು ರೂಢಿಯಲ್ಲಿ ಕರೆಯಲಾಗುವ ಹವ್ಯಾಸಿ ರೇಡಿಯೊ, ಲಾಭದ ಉದ್ದೇಶವಿಲ್ಲದೆ ಕಲಿಕೆಗಾಗಿಯೂ ಆಪತ್ಕಾಲದ ಸೇವೆಗಾಗಿಯೂ ಸರ್ಕಾರದ ಪರವಾನಗಿ ಪಡೆದವರು ತಮ್ಮ ತಮ್ಮ ನಿಲಯಗಳಿಂದ ಪರಸ್ಪರ ಮಾತನಾಡುವ ವ್ಯವಸ್ಥೆಯಾಗಿದೆ. ಭಾರತದಲ್ಲಿ ಈ ಹವ್ಯಾಸಿಗಳಿಗೆ ಸ್ಥಳೀಯ ಮಾತುಕತೆಗೆಂದು 144ರಿಂದ 146 ಮೆಗಾಹರ್ಟ್ಸ್ ಹಾಗೂ 434ರಿಂದ 438 ಮೆಗಾಹರ್ಟ್ಸ್‌ವರೆಗಿನ ಎರಡು ಪಟ್ಟಿಗಳು ಮೀಸಲಾಗಿದ್ದು, ಈ ಅಲೆಗಳು ಬಹುತೇಕ ಬೆಳಕಿನಂತೆ ನೇರವಾಗಿ ಸಾಗುವುದರಿಂದ ಭೂಮಿಯ ಉಬ್ಬು ಮತ್ತು ಗುಡ್ಡದ ಅಡ್ಡಗೋಡೆ ಅವುಗಳ ಹಾದಿಯನ್ನು ಮೊಟಕುಗೊಳಿಸುತ್ತವೆ. ಕೈಯಲ್ಲಿ ಹಿಡಿಯುವ ಎರಡು ವಾಕಿಟಾಕಿಗಳ ನಡುವೆ ಬಯಲಿನಲ್ಲಿಯೂ ನಾಲ್ಕೈದು ಕಿಲೋಮೀಟರ್ ಮಾತು ದಾಟಿದರೆ ಹೆಚ್ಚು. ಈ ಮಿತಿಯನ್ನು ಮೀರಲು ಎತ್ತರದ ಸ್ಥಳವೊಂದರಲ್ಲಿ ನಿಂತು, ಒಂದು ಕಂಪನಾಂಕದಲ್ಲಿ ಕೇಳಿದ್ದನ್ನು ಅದೇ ಕ್ಷಣದಲ್ಲಿ ಇನ್ನೊಂದು ಕಂಪನಾಂಕದಲ್ಲಿ ಹೆಚ್ಚಿನ ಬಲದಿಂದ ಮರಳಿ ಬಿತ್ತರಿಸುವ ಯಂತ್ರವೇ ರಿಪೀಟರ್. ಅಂಥ ಹಲವು ಯಂತ್ರಗಳನ್ನು ಒಂದಕ್ಕೊಂದು ಬೆಸೆದರೆ ಒಂದು ಊರಿನ ವಾಕಿಟಾಕಿಯ ಮಾತು ಮೂರು ಜಿಲ್ಲೆಯಾಚೆಗೂ ಕೇಳುತ್ತದೆ.

ಈ ಬೆಸುಗೆ ಏಕೆ ಬೇಕು, ಎಲ್ಲಿ ಕಷ್ಟ ಎನ್ನುವುದನ್ನು ತಿಳಿಯಲು ಮಹಾರಾಷ್ಟ್ರದ ನಾಶಿಕ ಮತ್ತು ಛತ್ರಪತಿ ಸಂಭಾಜಿನಗರಗಳ ನಡುವಿನ ನೆಲಕ್ಕಿಂತ ಒಳ್ಳೆಯ ಪಾಠ ಸಿಗುವುದು ವಿರಳ. 2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಈ ನಗರಕ್ಕೂ ನಾಶಿಕಕ್ಕೂ ನೇರ ಗೆರೆಯಲ್ಲಿ ಸುಮಾರು 160 ಕಿಲೋಮೀಟರ್ ಅಂತರವಿದೆ. ಎರಡರ ನಡುವೆ ಸಾತಮಾಳಾ–ಅಜಂತಾ ಬೆಟ್ಟಸಾಲು ಪಶ್ಚಿಮದಿಂದ ಪೂರ್ವಕ್ಕೆ ಚಾಚಿಕೊಂಡಿದೆ. ಕನ್ನಡ ಓದುಗರಿಗೆ ಈ ಸೀಮೆ ಅಪರಿಚಿತವಲ್ಲ. ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯಾಗಿ ಹೇಳುವ ಗೋದಾವರಿ ನಾಶಿಕದ ಬಳಿಯೇ ಹುಟ್ಟುತ್ತದೆ; ಮಾನ್ಯಖೇಟಕ್ಕೆ ಮುಂಚೆ ರಾಷ್ಟ್ರಕೂಟರು ಬೀಡುಬಿಟ್ಟಿದ್ದ ಮಯೂರಖಂಡಿಯನ್ನು ಕೆಲವು ಇತಿಹಾಸಕಾರರು ನಾಶಿಕ ಜಿಲ್ಲೆಯ ವಣಿಯ ಸಪ್ತಶೃಂಗಿ ಬೆಟ್ಟದ ಎದುರಿಗಿರುವ ಮಾರ್ಕಂಡ ಗುಡ್ಡದಲ್ಲಿ ಗುರುತಿಸುತ್ತಾರೆ; ಸಂಭಾಜಿನಗರ ಜಿಲ್ಲೆಯಲ್ಲಿ ‘ಕನ್ನಡ’ ಎಂಬ ಹೆಸರಿನ ತಾಲ್ಲೂಕು ಕೇಂದ್ರವೇ ಇದೆ.

ರೇಡಿಯೊ ಅಲೆಗೆ ದಿಗಂತ ಎಷ್ಟು ದೂರ ಎನ್ನುವುದಕ್ಕೆ ಸರಳವಾದ ಲೆಕ್ಕವಿದೆ: ಆಂಟೆನಾ ಸುತ್ತಲಿನ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ಕಿಲೋಮೀಟರ್‌ಗಳಲ್ಲಿ ಉತ್ತರ ಬರುತ್ತದೆ. ಬಯಲಿಗಿಂತ 600 ಮೀಟರ್ ಎತ್ತರದ ನೆತ್ತಿಗೆ ಸುಮಾರು 100 ಕಿಲೋಮೀಟರ್, 400 ಮೀಟರ್ ಎತ್ತರದ ನೆತ್ತಿಗೆ 82 ಕಿಲೋಮೀಟರ್ ದಕ್ಕುತ್ತದೆ. ಈ ಲೆಕ್ಕವನ್ನಷ್ಟೇ ನಂಬಿದರೆ ವಣಿಯ ಕಡೆಯ ಒಂದು ನೆತ್ತಿಯೂ ಸಂಭಾಜಿನಗರದ ಕಡೆ ಎಲ್ಲೋರದ ಸಮೀಪದ ಮ್ಹೈಸಮಾಳ ಬೆಟ್ಟವೂ ನೇರವಾಗಿ ಮಾತನಾಡಿಕೊಳ್ಳಬೇಕು. ಆದರೆ ವಣಿಯಿಂದ ಪೂರ್ವಕ್ಕೆ ಕಣ್ಣು ಹಾಯಿಸಿದರೆ ಅದೇ ಸಾಲಿನ ಧೋಡಪ್, ರಾಜದೇರ್, ಇಂದ್ರಾಯಿ ಶಿಖರಗಳು ಒಂದರ ಹಿಂದೊಂದು ಎದ್ದು ನಿಂತು ದಾರಿಯನ್ನು ಮುಚ್ಚುತ್ತವೆ. ಅಲೆಗೆ ಬೇಕಾದದ್ದು ಎತ್ತರಕ್ಕಿಂತ ಹೆಚ್ಚಾಗಿ ತೆರವಾದ ನೋಟ. ಮನಮಾಡದ ಹತ್ತಿರದ ಅಂಕಾಯಿ–ಟಂಕಾಯಿ ಜೋಡಿ ಗುಡ್ಡಗಳ ಪ್ರದೇಶ ನಾಶಿಕಕ್ಕೂ ಮ್ಹೈಸಮಾಳಕ್ಕೂ ಹೆಚ್ಚುಕಡಿಮೆ ನಟ್ಟನಡುವೆ, ಎರಡೂ ಕಡೆಗೆ ಎಪ್ಪತ್ತೆಂಬತ್ತು ಕಿಲೋಮೀಟರ್ ದೂರದಲ್ಲಿದ್ದು, ಅಲ್ಲಿಂದ ಪೂರ್ವದ ದಾರಿ ಬಹುಪಾಲು ವೈಜಾಪುರದ ಬಯಲ ಮೇಲೆ ಹಾಯುತ್ತದೆ. ನಕ್ಷೆಯನ್ನು ಬಲ್ಲವರು ನಡುವಿನ ಕೊಂಡಿಯನ್ನು ಇಂಥ ಕಡೆಯೇ ಹುಡುಕುತ್ತಾರೆ. ನೆತ್ತಿಗಳ ಮೇಲೆ ಕೋಟೆ, ಗುಹೆ, ದೇವಸ್ಥಾನಗಳು ಇರುವ ಈ ಸೀಮೆಯಲ್ಲಿ ಕಂಬ ನೆಡಲು ಸ್ಥಳ ದೊರಕಿಸಿಕೊಳ್ಳುವುದು ಯಂತ್ರ ಕಟ್ಟುವುದಕ್ಕಿಂತ ದೀರ್ಘವಾದ ಕೆಲಸವೆಂದು ಬೇರೆ ಹೇಳಬೇಕಾಗಿಲ್ಲ.

ಯಂತ್ರದ ಒಳಗಿನ ದೊಡ್ಡ ಸಮಸ್ಯೆ, ಒಂದೇ ಆಂಟೆನಾದಲ್ಲಿ ಒಂದೇ ಕ್ಷಣದಲ್ಲಿ ಕೇಳುವುದೂ ಕೂಗುವುದೂ ನಡೆಯಬೇಕಾಗಿರುವುದು. 145 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೇಳುವ ಮತ್ತು ಬಿತ್ತರಿಸುವ ಕಂಪನಾಂಕಗಳ ನಡುವೆ ರೂಢಿಯ ಅಂತರ ಕೇವಲ 0.6 ಮೆಗಾಹರ್ಟ್ಸ್. ಬಿತ್ತರಿಸುವ ಬಲ 25 ವ್ಯಾಟ್ ಎಂದಿಟ್ಟುಕೊಂಡರೆ, ಗ್ರಾಹಕ ಯಂತ್ರ ಹಿಡಿಯಬಲ್ಲ ಅತಿ ಕ್ಷೀಣ ಸಂಕೇತಕ್ಕಿಂತ ಅದು ಸುಮಾರು 30 ಸಾವಿರ ಲಕ್ಷ ಕೋಟಿ ಪಟ್ಟು ಹೆಚ್ಚು. ಪಕ್ಕದ ಆ ಅಬ್ಬರದಲ್ಲಿ ದೂರದ ವಾಕಿಟಾಕಿಯ ಪಿಸುಮಾತಿಗೆ ಗ್ರಾಹಕ ಕಿವುಡಾಗಿಬಿಡುತ್ತದೆ. ಈ ಎರಡನ್ನೂ ಬೇರ್ಪಡಿಸುವ ಸಾಧನವೇ ಡ್ಯೂಪ್ಲೆಕ್ಸರ್. ಅರ್ಧ ಮೀಟರಿಗಿಂತ ತುಸು ಹೆಚ್ಚು ಎತ್ತರದ, ಕೊಡದಷ್ಟು ಸುತ್ತಳತೆಯ ಲೋಹದ ನಾಲ್ಕಾರು ಡಬ್ಬಿಗಳು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದರ ಒಳಗೂ ಅಲೆಯ ಕಾಲುಭಾಗದ ಉದ್ದಕ್ಕೆ ಹೊಂದಿಸಿದ ಒಂದು ಸಲಾಕೆ ಇಳಿಬಿದ್ದಿರುತ್ತದೆ. ಮೇಲಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದರೂ ಶೋಧಿಸುವ ಬಿಂದು ಸರಿದುಹೋಗುತ್ತದೆ. ಡಬ್ಬಿಗಳನ್ನು ಮನೆಯಲ್ಲೇ ಕಟ್ಟಿಕೊಳ್ಳುವ ಹವ್ಯಾಸಿಗಳಿದ್ದಾರೆ. ಸಂಭಾಜಿನಗರದ ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ತಾಪ ಚಳಿಗಾಲದ ಬೆಳಗಿನಲ್ಲಿ ಹತ್ತರ ಆಸುಪಾಸಿಗೆ ಇಳಿಯುವುದರಿಂದ, ಬಿಸಿಗೆ ಹೆಚ್ಚು ಹಿಗ್ಗದ ಇನ್ವಾರ್ ಎಂಬ ಕಬ್ಬಿಣ–ನಿಕಲ್ ಮಿಶ್ರಲೋಹದ ಸಲಾಕೆಯನ್ನು ಬಳಸುವುದು ಜಾಣತನ.

ಯಾರೋ ಮಾತನಾಡುತ್ತಿದ್ದಾರೆಂದು ಯಂತ್ರ ಅರಿಯಲು, ಧ್ವನಿಯ ಅಡಿಯಲ್ಲಿ ಕಿವಿಗೆ ಬೀಳದಷ್ಟು ಮೆಲ್ಲಗೆ ಬೆರೆಸಿದ ಒಂದು ಸ್ವರ, ಉದಾಹರಣೆಗೆ 88.5 ಹರ್ಟ್ಸ್, ಬೀಗದ ಕೈಯಂತೆ ಕೆಲಸ ಮಾಡುತ್ತದೆ; ಆ ಸ್ವರವಿಲ್ಲದ ಗದ್ದಲಕ್ಕೆ ಬಾಗಿಲು ತೆರೆಯುವುದಿಲ್ಲ. ಗುಂಡಿ ಸಿಕ್ಕಿಕೊಂಡ ವಾಕಿಟಾಕಿಯೊಂದು ಇಡೀ ಜಾಲವನ್ನು ಹಿಡಿದಿಡದಂತೆ ಸಾಮಾನ್ಯವಾಗಿ ಮೂರು ನಿಮಿಷದ ಕಾಲಮಿತಿಯನ್ನೂ ಇಟ್ಟಿರುತ್ತಾರೆ.

ರಿಪೀಟರ್‌ಗಳನ್ನು ಬೆಸೆಯಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ, ಒಂದು ಬೆಟ್ಟದಿಂದ ಇನ್ನೊಂದಕ್ಕೆ ಗುರಿಯಿಟ್ಟ ಯಾಗಿ ಆಂಟೆನಾಗಳ ಮೂಲಕ, ಸಾಮಾನ್ಯವಾಗಿ 434–438ರ ಪಟ್ಟಿಯಲ್ಲಿ, ಪ್ರತ್ಯೇಕ ರೇಡಿಯೊ ಕೊಂಡಿಯನ್ನು ಕಟ್ಟಲಾಗುತ್ತದೆ. ಎರಡನೆಯದರಲ್ಲಿ ಅಂತರ್ಜಾಲವೇ ಕೊಂಡಿಯಾಗುತ್ತದೆ: 1997ರಲ್ಲಿ ಕೆನಡಾದಲ್ಲಿ ಆರಂಭವಾದ ಐಆರ್‌ಎಲ್‌ಪಿ, 2002ರಲ್ಲಿ ಬಂದ ಎಕೋಲಿಂಕ್, ಆಸ್ಟರಿಸ್ಕ್ ಎಂಬ ಮುಕ್ತ ದೂರವಾಣಿ ತಂತ್ರಾಂಶದ ಮೇಲೆ ನಿಂತಿರುವ ಆಲ್‌ಸ್ಟಾರ್‌ಲಿಂಕ್ ಇವೆಲ್ಲ ಈ ಬಗೆಯವು; ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಬಳಸಿಯೇ ಆಲ್‌ಸ್ಟಾರ್‌ಲಿಂಕ್ ಕೊಂಡಿ ಸಿದ್ಧವಾಗುತ್ತದೆ. ಎರಡನೆಯದು ಅಗ್ಗ, ಸುಲಭ, ದೂರದ ಮಿತಿಯಿಲ್ಲದ್ದು. ಆದರೂ ಆಪತ್ತಿಗಾಗಿ ಕಟ್ಟುವ ಜಾಲ ಮೊದಲನೆಯದರ ಮೇಲೆಯೇ ನಿಲ್ಲಬೇಕು. ಮೊಬೈಲ್ ಗೋಪುರ ಮತ್ತು ಫೈಬರ್ ತಂತಿ ಕೈಕೊಟ್ಟ ಗಳಿಗೆಗೆಂದೇ ಇರುವ ವ್ಯವಸ್ಥೆಯು ಅದೇ ಫೈಬರನ್ನು ನೆಚ್ಚಿಕೊಂಡರೆ, ಬೇಕಾದ ದಿನವೇ ಅದು ಮೂಕವಾಗುತ್ತದೆ. ಅಂತರ್ಜಾಲದ ಕೊಂಡಿಗೆ ಎರಡನೆಯ ಸಾಲಿನ ನೆರವಿನ ಸ್ಥಾನ ಸಾಕು.

ಹಾಗೆಂದು ರೇಡಿಯೊ ಕೊಂಡಿ ಸುಲಭವಾಗಿ ಒಲಿಯುವುದಿಲ್ಲ. ಅನಲಾಗ್ ಜಾಲದಲ್ಲಿ ಪ್ರತಿ ಜಿಗಿತದಲ್ಲೂ ಒಂದಿಷ್ಟು ಸದ್ದು ಸೇರುತ್ತದೆ. ಒಂದು ಬೆಟ್ಟದಲ್ಲಿ ಧ್ವನಿಮಟ್ಟ ತುಸು ಏರಿದ್ದರೆ ಮೂರನೆಯ ಬೆಟ್ಟ ತಲುಪುವಷ್ಟರಲ್ಲಿ ಮಾತು ಒಡೆದು ಕೇಳುತ್ತದೆ. ಆದ್ದರಿಂದ ಒಂದು ತುದಿಯಲ್ಲಿ 1,000 ಹರ್ಟ್ಸ್‌ನ ಪರೀಕ್ಷಾ ಸ್ವರವನ್ನು ಕೊಟ್ಟು, ಪ್ರತಿ ನೆಲೆಯಲ್ಲೂ ಅಳೆದು, ಒಳಬಂದಷ್ಟೇ ಹೊರಹೋಗುವಂತೆ ಸರಿಹೊಂದಿಸಬೇಕಾಗುತ್ತದೆ. ಬಾಗಿಲುಗಳು ಒಂದರ ನಂತರ ಒಂದು ತೆರೆಯಲು ಕಾಲ ಹಿಡಿಯುವುದರಿಂದ, ಗುಂಡಿ ಒತ್ತಿದ ಮೇಲೆ ಒಂದು ಕ್ಷಣ ತಡೆದು ಮಾತು ಆರಂಭಿಸುವುದು ಈ ಜಾಲದಲ್ಲಿ ಮೊದಲು ಕಲಿಯಬೇಕಾದ ಶಿಸ್ತು. ಕಲಿಯದವರ ಕರೆಸಂಕೇತದ ಮೊದಲಕ್ಷರ ಯಾವಾಗಲೂ ದಾರಿಯಲ್ಲಿ ಉಳಿದುಬಿಡುತ್ತದೆ.

ಕಟ್ಟಿದ ಜಾಲವನ್ನು ಉಳಿಸಿಕೊಳ್ಳುವುದೇ ನಿಜವಾದ ಕಾಯಕ, ಮತ್ತು ಅದರ ಪಂಚಾಂಗವನ್ನು ಮುಂಗಾರು ಬರೆಯುತ್ತದೆ. ಮೇ ತಿಂಗಳೊಳಗೆ ಬೆಟ್ಟ ಹತ್ತಿ, ಕೇಬಲಿನ ಪ್ರತಿ ಕೂಡುವಿಕೆಯನ್ನೂ ಬಿಚ್ಚಿ ನೋಡಿ, ತಾನಾಗಿ ಬೆಸೆದುಕೊಳ್ಳುವ ರಬ್ಬರ್ ಪಟ್ಟಿಯಿಂದ ಮತ್ತೆ ಸುತ್ತಬೇಕು. ಒಂದು ಹನಿ ನೀರು ಒಳಹೊಕ್ಕರೆ ತಾಮ್ರ ಹಸಿರುಗಟ್ಟಿ, ಆಂಟೆನಾಗೆ ಹೋಗಬೇಕಾದ ಬಲ ಹಿಂದಿರುಗಿ ಯಂತ್ರವನ್ನೇ ಬೇಯಿಸುತ್ತದೆ. ಈ ಸೀಮೆಯ ನೆಲ ಕರಿಯ ಬಸಾಲ್ಟ್ ಬಂಡೆಯಾದುದರಿಂದ ಸಿಡಿಲಿಗೆ ಸುಲಭದಲ್ಲಿ ಹಾದಿ ಬಿಡುವುದಿಲ್ಲ. ಗುಂಡಿ ತೋಡಿ, ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿ, ಒಣಗದಂತೆ ನೀರುಣಿಸುತ್ತಾ ಅರ್ಥಿಂಗ್ ಕಾಯ್ದುಕೊಳ್ಳಬೇಕು. ಬ್ಯಾಟರಿಯದು ಇನ್ನೊಂದು ಲೆಕ್ಕ: ಸುಮ್ಮನಿರುವಾಗ ಅರ್ಧ ಆಂಪಿಯರ್, ಬಿತ್ತರಿಸುವಾಗ ಆರು ಆಂಪಿಯರ್ ಎಳೆಯುವ ಯಂತ್ರ ದಿನದ ಹತ್ತರಲ್ಲೊಂದು ಪಾಲು ಮಾತನಾಡಿದರೆ 25 ಆಂಪಿಯರ್-ಗಂಟೆ ಖರ್ಚಾಗುತ್ತದೆ; 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದಾದ್ದರಿಂದ, ಮೋಡ ಕವಿದು ಸೌರಫಲಕ ಕೆಲಸ ಮಾಡದಿದ್ದರೆ ಎರಡು ದಿನ ಮಾತ್ರ ಉಸಿರು.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ಸಂಪರ್ಕ ಕಡಿದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಸಂಗಡಿಗರು ಹವ್ಯಾಸಿ ರೇಡಿಯೊದಿಂದ ಮುಖ್ಯಭೂಮಿಗೆ ಸುದ್ದಿ ಮುಟ್ಟಿಸಿದ್ದು ದೇಶಕ್ಕೆ ತಿಳಿದ ಸಂಗತಿ. ಅದು ಆಕಾಶದ ಅಯಾನುಗೋಳಕ್ಕೆ ತಾಗಿ ಮರಳುವ ಕಿರುತರಂಗದ ಸಾಧನೆ. ಒಂದು ಊರಿನ ಓಣಿ ಓಣಿಗಳಿಂದ, ಘಟ್ಟದ ಹಳ್ಳಿಗಳಿಂದ ಜಿಲ್ಲಾ ಕೇಂದ್ರಕ್ಕೆ ಮಾತು ತಲುಪಿಸಲು ಬೇಕಾಗುವುದು ರಿಪೀಟರ್ ಜಾಲ. ಅದರ ಅಗತ್ಯ ನಾಶಿಕದಲ್ಲೇ ಕಾಣುತ್ತದೆ: 2003ರ ನಾಶಿಕ ಸಿಂಹಸ್ಥ ಕುಂಭಮೇಳದ ಕಾಲ್ತುಳಿತದಲ್ಲಿ 39 ಮಂದಿ ಸತ್ತರು. ಲಕ್ಷಾಂತರ ಜನ ಒಂದೇ ಸ್ನಾನಘಟ್ಟದಲ್ಲಿ ಸೇರಿದಾಗ ಮೊಬೈಲ್ ಜಾಲ ಉಸಿರುಗಟ್ಟುವುದು ಸಹಜ. 12 ವರ್ಷಕ್ಕೊಮ್ಮೆ ಬರುವ ಸಿಂಹಸ್ಥದ ಸರದಿ 2015ರ ನಂತರ 2027ಕ್ಕೆ ಬಿದ್ದಿದೆ.

ಈ ವಿದ್ಯೆಗೆ 12 ವರ್ಷ ತುಂಬಿದ ಯಾರಾದರೂ ಬರಬಹುದು. ಕೇಂದ್ರ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ವಿಭಾಗ ನಡೆಸುವ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಸರಳ ಸಂಚಾರ್ ಜಾಲತಾಣದ ಮೂಲಕ ಪರವಾನಗಿ ಪಡೆಯಬಹುದು. ಕನ್ನಡಿಗರಿಗೆ ಬೆಂಗಳೂರಿನ ಭಾರತೀಯ ಹ್ಯಾಮ್ ಸಂಸ್ಥೆಯಂಥ ಕಡೆ ತರಬೇತಿಯೂ ದೊರೆಯುತ್ತದೆ. ಪರವಾನಗಿ ಪಡೆದ ಓದುಗರು ರಿಪೀಟರಿನಲ್ಲಿ ಮಾತನಾಡುವುದಷ್ಟಕ್ಕೆ ನಿಲ್ಲದೆ, ತಮ್ಮ ಸೀಮೆಯ ಯಂತ್ರ ಯಾವ ಬೆಟ್ಟದ ಮೇಲಿದೆ ಎಂದು ವಿಚಾರಿಸಿ, ಮುಂದಿನ ಮೇ ತಿಂಗಳಲ್ಲಿ ಬ್ಯಾಟರಿ ಹೊತ್ತು ಅದನ್ನು ಹತ್ತುವವರ ಜೊತೆ ತಾವೂ ಹೊರಡಲಿ.