ಕಾಡುಪಾಪಕ್ಕೆ ನೆಗೆಯಲು ಬರುವುದಿಲ್ಲ

ಕೋತಿಯ ದೂರದ ನೆಂಟ, ಆದರೆ ಬಾಲ ಇಲ್ಲ. ಕಣ್ಣು ಗೋಲಿಯಷ್ಟು ದಪ್ಪ, ಕೈಕಾಲು ಕಡ್ಡಿಯಷ್ಟು ಸಣ್ಣ. ಹಗಲೆಲ್ಲ ನಿದ್ದೆ, ರಾತ್ರಿಯೆಲ್ಲ ಬೇಟೆ. ಯಾವ ಪ್ರಾಣಿ ಹೇಳಿ ನೋಡೋಣ?

ಅದೇ ಕಾಡುಪಾಪ. ನಮ್ಮ ಕಡೆ ಪಾಪ ಅಂದರೆ ಸಣ್ಣ ಮಗು. ಇದು ಕಾಡಿನ ಮಗು. ಇಂಗ್ಲಿಷಿನಲ್ಲಿ ಸ್ಲೆಂಡರ್ ಲೋರಿಸ್ ಅನ್ನುತ್ತಾರೆ. ಸ್ಲೆಂಡರ್ ಅಂದರೆ ತೆಳ್ಳಗೆ ಇರುವುದು. ತಮಿಳಿನವರು ತೇವಾಂಗು ಅನ್ನುತ್ತಾರೆ.

ನಾನು ನೋಡಿದ್ದು

ದಸರಾ ರಜದಲ್ಲಿ ನಾವು ತುಮಕೂರು ತಾಲೂಕಿನ ನಾಗವಲ್ಲಿ ಕಡೆ ಇರುವ ಸೋದರಮಾವನ ಮನೆಗೆ ಹೋಗಿದ್ದೆವು. ಬಸ್ಸು ತಡವಾಗಿ, ಇಳಿಯುವಾಗ ರಾತ್ರಿ ಎಂಟೂವರೆ. ಮಾವ ಬ್ಯಾಟರಿ ಹಿಡಿದುಕೊಂಡು ಕಾಯುತ್ತಿದ್ದರು. ಮನೆಗೆ ಹೋಗುವ ದಾರಿಯ ಎರಡೂ ಕಡೆ ಹುಣಸೆ, ಹೊಂಗೆ, ಜಾಲಿ ಮರಗಳು. ಒಂದು ಹೊಂಗೆ ಮರದ ಮೇಲೆ ಬೆಳಕು ಬಿದ್ದಾಗ ಎರಡು ಕೆಂಡ ಹೊಳೆದ ಹಾಗಾಯಿತು. ನನ್ನ ತಂಗಿ "ದೆವ್ವ ಕಣಣ್ಣಾ" ಅಂತ ನನ್ನ ಅಂಗಿ ಹಿಡಿದುಕೊಂಡಳು. ಮಾವ ನಕ್ಕು, "ಏ ಸುಮ್ನಿರ್ರೋ, ಅದು ಕಾಡುಪಾಪ. ಗಲಾಟೆ ಮಾಡಿದ್ರೆ ಹೊಂಟೋಗ್ತದೆ" ಅಂದರು.

ಮಿಠಾಯಿಗೆ ಸುತ್ತಿರುತ್ತಾರಲ್ಲ, ಅಂಥ ಕೆಂಪು ಕಾಗದ ಮಾವನ ಜೇಬಿನಲ್ಲಿತ್ತು. ಅದನ್ನು ಬ್ಯಾಟರಿಯ ಗಾಜಿನ ಮೇಲೆ ಹಿಡಿದರು. ಬಿಳಿ ಬೆಳಕು ಅದರ ಕಣ್ಣಿಗೆ ಚುಚ್ಚುತ್ತದಂತೆ, ಕೆಂಪು ಬೆಳಕಿಗೆ ಅಷ್ಟು ಹೆದರುವುದಿಲ್ಲವಂತೆ. ಆಗ ಚೆನ್ನಾಗಿ ಕಂಡಿತು. ಕಣ್ಣಿನ ಸುತ್ತ ಕಾಡಿಗೆ ಹಚ್ಚಿದ ಹಾಗೆ ಕಪ್ಪು. ಮೂಗಿನ ಮೇಲೆ ಬಿಳಿ ಗೆರೆ. ಒಂದು ಕೈ ಮುಂದೆ ಇಡುವುದು, ನಿಲ್ಲುವುದು, ನಮ್ಮನ್ನು ನೋಡುವುದು, ಆಮೇಲೆ ಇನ್ನೊಂದು ಕೈ. ಅಷ್ಟು ನಿಧಾನ! ಆದರೆ ಪಕ್ಕದಲ್ಲಿ ಒಂದು ಹುಳು ಕೂತಿದ್ದೇ ತಡ, ಹಿಂಗಾಲಲ್ಲಿ ಕೊಂಬೆ ಹಿಡಿದುಕೊಂಡು ಎರಡೂ ಕೈಯಲ್ಲಿ ಗಬಕ್ಕನೆ ಹಿಡಿದು ತಿಂದುಬಿಟ್ಟಿತು. ಪಾಪು ಬಿಸ್ಕತ್ತು ತಿನ್ನುವ ಹಾಗೇ ಇತ್ತು.

ಆಮೇಲೆ ಕೊಂಬೆಯ ತುದಿಗೆ ಬಂತು. ಕೈ ಚಾಚಿ ನೋಡಿತು. ಮುಂದಿನ ಮರ ಎರಡು ಮಾರು ದೂರ ಇತ್ತು. ಸ್ವಲ್ಪ ಹೊತ್ತು ಹಾಗೇ ಇದ್ದು, ತಿರುಗಿ ಬಂದ ದಾರಿಯಲ್ಲೇ ಹೋಯಿತು. "ಯಾಕ್ ಮಾವ ನೆಗೀಲಿಲ್ಲ?" ಅಂತ ಕೇಳಿದೆ. "ಅದಕ್ಕೆ ನೆಗೆಯಕ್ಕೆ ಬರಲ್ಲ ಕಣೋ. ಮೊದ್ಲು ಇಲ್ಲಿ ಮಧ್ಯ ಒಂದು ಹುಣಸೆಮರ ಇತ್ತು. ಕಡಿದ್ರು" ಅಂದರು.

ಊರಿಗೆ ಬಂದ ಮೇಲೆ ವಿಜ್ಞಾನದ ಮೇಷ್ಟ್ರನ್ನು ಕೇಳಿ, ಪುಸ್ತಕ ಓದಿ ತಿಳಿದುಕೊಂಡಿದ್ದನ್ನು ಕೆಳಗೆ ಬರೆದಿದ್ದೇನೆ.

ಅದು ಎಂಥ ಪ್ರಾಣಿ?

ಕಾಡುಪಾಪ ಕೋತಿ ಮತ್ತು ಮನುಷ್ಯರು ಸೇರಿದ ಗುಂಪಿಗೇ ಸೇರಿದೆ. ನಮ್ಮ ಹಾಗೆ ಕೈಬೆರಳಲ್ಲಿ ಹಿಡಿಯುತ್ತದೆ. ಉದ್ದ ಸುಮಾರು 20ರಿಂದ 25 ಸೆಂಟಿಮೀಟರ್, ತೂಕ ಹೆಚ್ಚುಕಡಿಮೆ ಕಾಲು ಕೆ.ಜಿ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇದು ಕಾಡಿನಲ್ಲಿ ಸಿಗುವುದಿಲ್ಲ. ದೊಡ್ಡ ಕಾಡೇ ಬೇಕು ಅಂತಿಲ್ಲ. ತುಮಕೂರಿನಂಥ ಬಯಲುಸೀಮೆಯಲ್ಲಿ ಹೊಲದ ಬೇಲಿ, ಹುಣಸೆ ತೋಪು, ಜಾಲಿ ಪೊದೆಯಲ್ಲೂ ಇರುತ್ತದೆ. ಇರುವೆ, ಜೀರುಂಡೆ, ಹುಳಹುಪ್ಪಟೆ ಇದರ ಮುಖ್ಯ ಊಟ. ಒಂದು ಸಲಕ್ಕೆ ಒಂದೋ ಎರಡೋ ಮರಿ. ತಾಯಿ ಮೊದಲು ಮರಿಯನ್ನು ಹೊಟ್ಟೆಗೆ ಕಚ್ಚಿಕೊಂಡೇ ತಿರುಗುತ್ತದೆ. ಸ್ವಲ್ಪ ದೊಡ್ಡದಾದ ಮೇಲೆ ರಾತ್ರಿ ಒಂದು ಕೊಂಬೆಯಲ್ಲಿ ಬಿಟ್ಟು ಬೇಟೆಗೆ ಹೋಗಿ, ಬೆಳಗಾಗುವುದರೊಳಗೆ ಬಂದು ಕರೆದುಕೊಂಡು ಹೋಗುತ್ತದೆ.

ಕಣ್ಣು ಯಾಕೆ ಹೊಳೆಯುತ್ತದೆ?

ರಾತ್ರಿ ದನದ ಕಣ್ಣಿಗೆ, ಬೆಕ್ಕಿನ ಕಣ್ಣಿಗೆ ಬೆಳಕು ಬಿಟ್ಟು ನೋಡಿ. ಅವೂ ಹೊಳೆಯುತ್ತವೆ. ಕಣ್ಣಿನ ಹಿಂದೆ ಕನ್ನಡಿಯಂಥ ಒಂದು ಪದರ ಇರುತ್ತದೆ. ಒಳಗೆ ಹೋದ ಬೆಳಕು ಅದಕ್ಕೆ ಬಡಿದು ವಾಪಸ್ಸು ಬರುತ್ತದೆ. ಹೀಗೆ ಇದ್ದ ಸ್ವಲ್ಪ ಬೆಳಕನ್ನೇ ಎರಡು ಸಲ ಉಪಯೋಗಿಸಿ ಕತ್ತಲಲ್ಲಿ ನೋಡುತ್ತದೆ. ಇದರಲ್ಲಿ ದೆವ್ವದ ಕೆಲಸ ಏನೂ ಇಲ್ಲ.

ಯಾಕೆ ನೆಗೆಯುವುದಿಲ್ಲ?

ಕಪ್ಪೆ, ಮೊಲಕ್ಕೆ ಹಿಂಗಾಲು ಉದ್ದ, ಅದಕ್ಕೇ ನೆಗೆಯುತ್ತವೆ. ಕಾಡುಪಾಪದ ಮುಂಗಾಲು ಹಿಂಗಾಲು ಹೆಚ್ಚುಕಡಿಮೆ ಒಂದೇ ಉದ್ದ. ಹೆಬ್ಬೆರಳು ಬೇರೆ ಬೆರಳುಗಳಿಂದ ದೂರ ಇದ್ದು, ಇಕ್ಕಳದ ಹಾಗೆ ಕೊಂಬೆ ಹಿಡಿಯುತ್ತದೆ. ಎಷ್ಟು ಹೊತ್ತು ಹಿಡಿದರೂ ಸೋಲುವುದಿಲ್ಲ. ನಿಧಾನ ನಡೆಯುವುದರಿಂದ ಎಲೆ ಅಲ್ಲಾಡುವುದಿಲ್ಲ, ಹುಳಕ್ಕೂ ಗೊತ್ತಾಗುವುದಿಲ್ಲ, ಗೂಬೆಗೂ ಗೊತ್ತಾಗುವುದಿಲ್ಲ. ಮರಕ್ಕೆ ಮರ ಕೂಡಿಕೊಂಡಿರುವ ಕಡೆ ಇದೇ ಅದರ ಜಾಣತನ. ಮಧ್ಯದ ಮರ ಕಡಿದರೆ ಮಾತ್ರ ಅದು ನೆಲಕ್ಕೆ ಇಳಿಯಬೇಕು. ನೆಲದಲ್ಲಿ ಓಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ನಾಯಿ ಹಿಡಿಯುತ್ತದೆ, ಇಲ್ಲ ಗಾಡಿ ಹತ್ತುತ್ತದೆ.

ಮೂಢನಂಬಿಕೆ

ಇನ್ನೊಂದು ಶತ್ರು ಮನುಷ್ಯ. ಕಾಡುಪಾಪವನ್ನು ಹಿಡಿದು ಮಾಟ ಮಾಡುವವರಿಗೆ ಮಾರುತ್ತಾರೆ. ಅದಕ್ಕೆ ಚುಚ್ಚಿದರೆ ಶತ್ರುವಿಗೆ ನೋವಾಗುತ್ತದೆ ಅಂತ ನಂಬುವವರಿದ್ದಾರೆ. ಅದರ ಕಣ್ಣಿನಿಂದ ಔಷಧಿ ಮಾಡುವವರೂ ಇದ್ದಾರೆ. ಪುಸ್ತಕದೊಳಗೆ ನವಿಲುಗರಿ ಇಟ್ಟರೆ ಮರಿ ಹಾಕುತ್ತದೆ ಅಂತ ನಾವು ಒಂದನೇ ಕ್ಲಾಸಿನಲ್ಲಿ ನಂಬಿದ್ದೆವಲ್ಲ, ಇದೂ ಹಾಗೇ. ಆದರೆ ನವಿಲುಗರಿಗೆ ನೋವಾಗುವುದಿಲ್ಲ, ಕಾಡುಪಾಪಕ್ಕೆ ಆಗುತ್ತದೆ. ಅದಕ್ಕೆ ಚುಚ್ಚಿದರೆ ನೋವು ಅದೊಂದಕ್ಕೇ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿ, ಹುಲಿ ಆನೆಯ ಜೊತೆ ಕಾಡುಪಾಪದ ಹೆಸರೂ ಇದೆ. ಹಿಡಿದವರಿಗೆ 3ರಿಂದ 7 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ತಮಿಳುನಾಡು ಸರ್ಕಾರ 2022ರಲ್ಲಿ ಕರೂರು ಮತ್ತು ದಿಂಡಿಗಲ್ ಜಿಲ್ಲೆಗಳ ಕಡವೂರು ಎಂಬಲ್ಲಿ 11,806 ಹೆಕ್ಟೇರ್ ಜಾಗವನ್ನು ಕಾಡುಪಾಪಕ್ಕಾಗಿಯೇ ಅಭಯಾರಣ್ಯ ಮಾಡಿತು. ನಮ್ಮ ದೇಶದಲ್ಲಿ ಅಂಥದ್ದು ಅದೇ ಮೊದಲು.

ನಾವು ಏನು ಮಾಡಬಹುದು?

1. ರಾತ್ರಿ ಮರದಲ್ಲಿ ಕೆಂಪು ಕಣ್ಣು ಕಂಡರೆ ಕಲ್ಲು ಹೊಡೆಯಬೇಡಿ. ಬೆಳಕನ್ನು ಬಹಳ ಹೊತ್ತು ಕಣ್ಣಿಗೆ ಬಿಡಬೇಡಿ.
2. ಮುದ್ದಾಗಿದೆ ಅಂತ ಮನೆಗೆ ತರಬೇಡಿ. ಅದಕ್ಕೆ ರಾತ್ರಿಯೆಲ್ಲ ತಿರುಗಾಡಿ ಹುಳ ಹಿಡಿಯಬೇಕು. ನಾವು ಮುದ್ದೆ ಸಾರು ಕೊಟ್ಟರೆ ಬದುಕುವುದಿಲ್ಲ.
3. ಬೇಲಿ ಸವರುವಾಗ ಮರದಿಂದ ಮರಕ್ಕೆ ತಾಗಿರುವ ಕೊಂಬೆ ಬಿಡಿ ಅಂತ ಮನೆಯಲ್ಲಿ ಹೇಳಿ. ಅದೇ ಅದರ ರಸ್ತೆ.
4. ಯಾರಾದರೂ ಹಿಡಿದಿದ್ದು ಕಂಡರೆ ಮೇಷ್ಟ್ರಿಗೆ ಹೇಳಿ. ಅವರು ಅರಣ್ಯ ಇಲಾಖೆಗೆ ತಿಳಿಸುತ್ತಾರೆ.

ನಮ್ಮೂರಿನ ಕೆರೆ ದಾರಿಯಲ್ಲೂ ಹುಣಸೆಮರದ ಸಾಲು ಇದೆ. ನಿಮ್ಮಲ್ಲಿ ಯಾರಾದರೂ ಕಾಡುಪಾಪ ನೋಡಿದ್ದರೆ ಒಂದು ಹಾಳೆಯಲ್ಲಿ ಬರೆದು ಕೊಡಿ, ಮುಂದಿನ ತಿಂಗಳ ಪತ್ರಿಕೆಯಲ್ಲಿ ಅಂಟಿಸೋಣ. ಏನು ತಿನ್ನುತ್ತಿತ್ತು, ಹೇಗೆ ನಡೆಯಿತು ಎಲ್ಲ ಬರೆಯಿರಿ. ಯಾವ ಮರ ಅಂತ ಮಾತ್ರ ಬರೆಯಬೇಡಿ. ಗೋಡೆಯ ಮೇಲಿರುವುದನ್ನು ಯಾರು ಬೇಕಾದರೂ ಓದುತ್ತಾರೆ.

– 7ನೇ ತರಗತಿ