ಕೆ.ಡಿ.ಎಂ. ಬೆಸುಗೆ ಮತ್ತು ಅಕ್ಕಸಾಲಿಗರ ಮೂತ್ರಪಿಂಡ

ಚಿನ್ನಾಭರಣ ವಹಿವಾಟಿನಲ್ಲಿರುವ ನಮ್ಮ ಸದಸ್ಯ ಬಾಂಧವರಿಗೆ ‘ಕೆ.ಡಿ.ಎಂ.’ ಎಂಬ ಮೂರಕ್ಷರಗಳ ಪರಿಚಯ ಬೇಕಾಗಿಲ್ಲ. ಅದನ್ನು ಪರಿಶುದ್ಧತೆಯ ಮುದ್ರೆಯೆಂದೇ ಭಾವಿಸಿ ಕೇಳಿ ಪಡೆಯುತ್ತಿದ್ದ ಗ್ರಾಹಕರು ಅನೇಕರು. ವಾಸ್ತವವಾಗಿ ಅದು ಕ್ಯಾಡ್ಮಿಯಂ ಎಂಬ ಲೋಹದ ಹೆಸರಿನ ಹ್ರಸ್ವರೂಪವಷ್ಟೆ. ತಾಮ್ರ, ಬೆಳ್ಳಿ ಹೆಚ್ಚಾಗಿದ್ದ ಹಳೆಯ ಬೆಸುಗೆಯಿಂದಾಗಿ ಒಡವೆಯನ್ನು ಕರಗಿಸಿದಾಗ ಚಿನ್ನದ ಮಟ್ಟ ಇಳಿಯುತ್ತಿತ್ತು. ಶೇಕಡಾ 92 ಚಿನ್ನಕ್ಕೆ 8 ಕ್ಯಾಡ್ಮಿಯಂ ಸೇರಿಸಿದ ಬೆಸುಗೆ ಆ ತೊಡಕನ್ನು ನೀಗಿಸಿತು. ವ್ಯಾಪಾರದ ದೃಷ್ಟಿಯಿಂದ ಜಾಣ ಉಪಾಯವೇ ಸರಿ. ಅದರ ಬೆಲೆ ತೆತ್ತವನು ಮಾತ್ರ ಊದುಗೊಳವೆ ಹಿಡಿದು ಕುಳಿತ ಕುಶಲಕರ್ಮಿ.

ಕ್ಯಾಡ್ಮಿಯಂ 321 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿ, 767 ಡಿಗ್ರಿಯಲ್ಲಿ ಕುದಿಯುತ್ತದೆ. ಬೆಸುಗೆಯ ಶಾಖಕ್ಕೆ ಅದರ ಒಂದಂಶ ಆವಿಯಾಗಿ, ಅತಿ ಸೂಕ್ಷ್ಮವಾದ ಆಕ್ಸೈಡ್ ಹೊಗೆಯಾಗಿ ಉಸಿರನ್ನು ಸೇರುತ್ತದೆ. ಒಮ್ಮೆಲೇ ಹೆಚ್ಚು ಸೇವಿಸಿದವರಿಗೆ ಕೆಲವು ಗಂಟೆಗಳ ಅನಂತರ ಚಳಿಜ್ವರ ಬಂದಂತಾಗಿ, ಶ್ವಾಸಕೋಶಕ್ಕೆ ಪ್ರಾಣಾಪಾಯವೂ ಒದಗಬಹುದು. ನಿತ್ಯವೂ ಅಲ್ಪಸ್ವಲ್ಪವಾಗಿ ಒಳಸೇರಿದ್ದು ಮೂತ್ರಪಿಂಡದಲ್ಲಿ ಶೇಖರವಾಗುತ್ತದೆ. ಅಲ್ಲಿಂದ ಅರ್ಧದಷ್ಟು ಹೊರಹೋಗಲು 10ರಿಂದ 30 ವರ್ಷಗಳು ಬೇಕು. ನೋವಿಲ್ಲ, ಊತವಿಲ್ಲ, ಸೂಕ್ಷ್ಮ ನಾಳಿಕೆಗಳು ಕೆಟ್ಟು, ದೇಹ ಉಳಿಸಿಕೊಳ್ಳಬೇಕಾದ ಸಣ್ಣ ಪ್ರೋಟೀನುಗಳು ಮೂತ್ರದಲ್ಲಿ ಸೋರತೊಡಗುತ್ತವೆ. ಸ್ವೀಡನ್ನಿನ ಬ್ಯಾಟರಿ ಕಾರ್ಮಿಕರಲ್ಲಿ ಈ ಸೋರಿಕೆಯನ್ನು ಲಾರ್ಸ್ ಫ್ರಿಬೆರ್ಗ್ 1950ರಲ್ಲೇ ವರದಿ ಮಾಡಿದ್ದರು. ಸಾಮಾನ್ಯ ಮೂತ್ರಪರೀಕ್ಷೆಯ ಪಟ್ಟಿ ಇದನ್ನು ತಪ್ಪಿಸಿಬಿಡಬಹುದು. ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಪರೀಕ್ಷೆಯನ್ನೇ ಕೇಳಬೇಕು. ಒಮ್ಮೆ ಕೆಟ್ಟ ನಾಳಿಕೆ ಸಾಮಾನ್ಯವಾಗಿ ಸರಿಹೋಗದು. ಬೀಡಿ ಸೇದುವವರಿಗೆ ಹೊರೆ ಇನ್ನೂ ಹೆಚ್ಚು, ಏಕೆಂದರೆ ತಂಬಾಕಿನಲ್ಲೂ ಕ್ಯಾಡ್ಮಿಯಂ ಇದೆ.

2021ರ ಜೂನ್‌ನಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗಿದೆ. ಅದರ ನಿಯಮಗಳಲ್ಲಿ ಕ್ಯಾಡ್ಮಿಯಂಗೆ ಅವಕಾಶವಿಲ್ಲ. ಹಾಗೆಂದು ವಿಷಯ ಮುಗಿಯಿತೆನ್ನುವಂತಿಲ್ಲ. ಮನೆಮನೆಗಳ ಪೆಟ್ಟಿಗೆಯಲ್ಲಿರುವ ಕೆ.ಡಿ.ಎಂ. ಒಡವೆಗಳು ದುರಸ್ತಿಗೂ ಕರಗಿಸಲಿಕ್ಕೂ ಬರುತ್ತಲೇ ಇವೆ. ನಗರ್ತಪೇಟೆಯಂತಹ ಇಕ್ಕಟ್ಟಾದ ಓಣಿಗಳಲ್ಲಿ ಕಿಟಕಿ ಮುಚ್ಚಿದ ಕೋಣೆಯೇ ಕಾರ್ಯಾಗಾರವಾದರೆ ಹೊಗೆ ಹೋಗುವುದಾದರೂ ಎಲ್ಲಿಗೆ? ಮೂಗಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯದು. ಜ್ವಾಲೆಯ ಸಮೀಪದಲ್ಲೇ ಹೊಗೆಯನ್ನು ಸೆಳೆದು ಹೊರಹಾಕುವ ಕೊಳವೆ ಅಗತ್ಯ.

ಚಿನ್ನದ ವ್ಯವಹಾರವಿಲ್ಲದ ಉದ್ಯಮಿಗಳೂ ಗಮನಿಸಬೇಕಾದ ಅಂಶವೊಂದಿದೆ. ತಾಮ್ರದ ಕೊಳವೆ, ಉಪಕರಣಗಳ ಜೋಡಣೆಗೆ ಬಳಸುವ ಬೆಳ್ಳಿ ಬ್ರೇಜಿಂಗ್ ಕಡ್ಡಿಗಳ ಒಂದು ಹಳೆಯ ದರ್ಜೆಯಲ್ಲಿ ಕ್ಯಾಡ್ಮಿಯಂ ಶೇಕಡಾ 24ರಷ್ಟಿರುತ್ತದೆ. ಕ್ಯಾಡ್ಮಿಯಂ ರಹಿತ ಕಡ್ಡಿಯಲ್ಲಿ ಅಷ್ಟೇ ಸುಲಭವಾಗಿ ಕರಗಲು ಬೆಳ್ಳಿ ಹೆಚ್ಚು ಬೇಕಾಗುವುದರಿಂದ ದರವೂ ಹೆಚ್ಚು. ಅಗ್ಗದ ದರಪಟ್ಟಿ ಕೈಸೇರಿದಾಗ, ಖರೀದಿಗೆ ಮೊದಲು ಲೋಹಗಳ ಪ್ರಮಾಣವನ್ನು ಸರಬರಾಜುದಾರರಿಂದ ಬರಹದಲ್ಲಿ ಪಡೆದುಕೊಳ್ಳುವುದು ಒಳಿತು.